ನಿಮ್ಮ ಕುರ್ವೆಗೊಂದು ನಿಯಮ ಬೇಕು

ನಮಸ್ಕಾರ. ನೀವು ಕಳಿಸಿದ ರೋಲ್‌ಪ್ಲೇ ಆಟದ ಕತೆ 'ಕರಿಕುರ್ವೆ' ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ತೆಗೆದುಕೊಳ್ಳಲು ಆಗುವುದಿಲ್ಲ. ಆದರೆ ಕೈಬಿಡಲು ಮನಸ್ಸು ಬರುತ್ತಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ನನಗೆ ಹಿಡಿಸಿದ್ದು. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕೂತು ಆಡುವ ಈ ರೋಲ್‌ಪ್ಲೇ ಆಟಕ್ಕೆ ಅಂತ ಬರುವ ಬರಹಗಳಲ್ಲಿ ಹಿಮ, ಕಲ್ಲಿನ ಗೋಪುರ, ಡ್ರ್ಯಾಗನ್ ಇವೇ ಜಾಸ್ತಿ. ನೀವು ಅಘನಾಶಿನಿ ಸಮುದ್ರ ಸೇರುವ ಕಡೆ, ಮಿರ್ಜಾನಿಗೂ ತದಡಿಗೂ ನಡುವೆ, ನಕ್ಷೆಯಲ್ಲಿಲ್ಲದ ಒಂದು ಕುರ್ವೆ, ಅಂದರೆ ನದಿ ನಡುವಿನ ದ್ವೀಪ, ಇಟ್ಟಿದ್ದೀರಿ. ಮೆಣಸಿನ ರಾಣಿ ಚೆನ್ನಭೈರಾದೇವಿಯ ಕಾಲವನ್ನು ನೆನಪಿಸುವ ಕಲ್ಪಿತ ರಾಜ್ಯ. ರಾಣಿಯ ಓಲೆ ಹೊತ್ತು ಹೊರಟ ನಾಲ್ವರು ದೋಣಿಯಿಂದ ಅಲ್ಲಿ ಇಳಿಯುತ್ತಾರೆ. ಕುರ್ವೆಯೊಳಗೆ ಕಾಲ ನೆಟ್ಟಗೆ ನಡೆಯುವುದಿಲ್ಲ. ಇಷ್ಟು ಸಾಕು, ಯಾರಾದರೂ ಆಟಕ್ಕೆ ಕೂರುತ್ತಾರೆ.

ಕೂತ ಮೇಲೆ ಏನಾಗುತ್ತದೆ ಅನ್ನುವುದೇ ತೊಂದರೆ. ಕುರ್ವೆ ಬಿಡುವಾಗ ಇಪ್ಪತ್ತು ಮುಖದ ದಾಳ ಹಾಕಬೇಕು, ಬಿದ್ದ ಅಂಕಿ ನೋಡಿ ಹೊರಗೆ ಒಂದು ಗಂಟೆಯೋ ನೂರು ವರ್ಷವೋ ಕಳೆದಿರುತ್ತದೆ ಅಂತ ಬರೆದಿದ್ದೀರಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2014ರ ಮಾರ್ಗದರ್ಶಿಯಲ್ಲಿ ಫೇವೈಲ್ಡ್ ಎಂಬ ಮಾಯಾಲೋಕಕ್ಕೆ ಇಂಥದೇ ಪಟ್ಟಿ ಇದೆ. ಆದರೆ ಅಲ್ಲಿ ಇಪ್ಪತ್ತರಲ್ಲಿ ಏಳು ಮುಖಕ್ಕೆ ಏನೂ ಬದಲಾಗುವುದಿಲ್ಲ. 20 ಬಿದ್ದರೆ ಮಾತ್ರ ದಿನಗಳು ವರ್ಷಗಳಾಗುತ್ತವೆ. ಅದೂ ಬೇಕಾದವರು ಬಳಸಲಿ ಅಂತ ಕೊಟ್ಟ ನಿಯಮ. ನೀವು ಇಡೀ ಕತೆಯನ್ನೇ ಅದರ ಮೇಲೆ ನಿಲ್ಲಿಸಿದ್ದೀರಿ. ಆಟಗಾರರು ಮೂರು ತಾಸು ತಲೆ ಕೆಡಿಸಿಕೊಂಡು ಆಡಿರುತ್ತಾರೆ. ಕೊನೆಗೆ ದಾಳ ಎದ್ದು ಬಂದು ನಿಮ್ಮ ರಾಣಿ ಸತ್ತಳು, ನಿಮ್ಮ ಓಲೆಗೆ ಅರ್ಥವಿಲ್ಲ ಅನ್ನುತ್ತದೆ. ಅವರು ಏನು ಮಾಡಿದ್ದರೂ ಅಷ್ಟೇ ಆಗುತ್ತಿತ್ತು ಅಂದರೆ ಅವರಿಗೆ ಸಿಟ್ಟು ಬರುತ್ತದೆ, ಬೆರಗು ಹುಟ್ಟುವುದಿಲ್ಲ.

ನಿಗೂಢ ಜಾಗಕ್ಕೂ ನಿಯಮ ಇರಬೇಕು. ಬರೆದ ನಿಮಗೆ ಅದು ಪೂರ್ತಿ ಗೊತ್ತಿರಬೇಕು. ಆಟಗಾರರಿಗೆ ಮೊದಲು ಗೊತ್ತಿರಬಾರದು, ಆದರೆ ಕಣ್ಣುಬಿಟ್ಟು ನೋಡಿದರೆ ಸಿಗಬೇಕು. ನಿಮ್ಮ ಕುರ್ವೆಯ ಸುತ್ತ ಅಂಥ ನಿಯಮ ದಿನಕ್ಕೆ ಎರಡು ಸಲ ಬಂದು ಹೋಗುತ್ತಿದೆ. ಉಬ್ಬರ, ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತು ಬೆಳಿಗ್ಗೆ ಬಂದ ನೀರು ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ನಿಮ್ಮ 40 ಪುಟಗಳಲ್ಲಿ ಒಂದು ಸಲವೂ ನೀರು ಏರಿಲ್ಲ, ಇಳಿದಿಲ್ಲ. ಅಳಿವೆಯ ಕತೆಯಲ್ಲಿ ಇದು ಹೇಗೆ ಬಿಟ್ಟುಹೋಯಿತು?

ಹೀಗೆ ಯೋಚಿಸಿ ನೋಡಿ. ಇಳಿತದಲ್ಲಿ, ಕೆಸರು ಕಾಣುವಾಗ, ಒಳಗಿನ ಕಾಲವೂ ಹೊರಗಿನ ಕಾಲವೂ ಒಂದೇ. ನೀರು ಏರಿ ಕುರ್ವೆಯನ್ನು ಸುತ್ತುವರಿದ ಮೇಲೆ ಒಳಗಿನ ಒಂದು ಗಂಟೆಗೆ ಹೊರಗೆ ಒಂದು ತಿಂಗಳು. ಹುಣ್ಣಿಮೆ, ಅಮಾವಾಸ್ಯೆಗೆ ಅದರ ಎರಡು ಪಟ್ಟು. ಈಗ ಆಟಗಾರರ ಕೈಗೆ ಒಂದು ನಿರ್ಧಾರ ಬಂತು. ನೀರು ಕಾಲಿಗೆ ತಾಗುತ್ತಿದೆ, ಗುಹೆಯಲ್ಲಿ ಇನ್ನೊಂದು ಬಾಗಿಲು ಬಾಕಿ ಇದೆ. ಹೊರಡುವುದಾ, ಇರುವುದಾ?

ಈ ನಿಯಮವನ್ನು ಯಾವ ಮುದುಕನ ಬಾಯಲ್ಲೂ ಹೇಳಿಸಬೇಡಿ. ನಿಮ್ಮ 11ನೇ ಪುಟದ ಸನ್ಯಾಸಿ ಕಾಲಚಕ್ರ, ಮಹಾಕಾಲ, ಅನಂತ ಅಂತ ಎರಡು ಪುಟ ಮಾತಾಡುತ್ತಾರೆ. ಅವರನ್ನು ಪೂರ್ತಿ ತೆಗೆಯಿರಿ. ಬದಲಿಗೆ ಗಜನಿ, ಅಂದರೆ ಅಳಿವೆ ದಡದ ಉಪ್ಪುನೀರಿನ ಗದ್ದೆ, ತೋರಿಸಿ. ಜೂನ್ ಮಳೆಯಲ್ಲಿ ಇವರು ಕುರ್ವೆಗೆ ಹೋಗುವಾಗ ದಡದ ಗಜನಿಯಲ್ಲಿ ಉಪ್ಪು ತಡೆಯುವ ಕಗ್ಗ ಭತ್ತದ ಬಿತ್ತನೆ ನಡೆದಿರಲಿ. ಒಂದು ಉಬ್ಬರ, ಅಂದರೆ ಆರು ಗಂಟೆ ಒಳಗಿದ್ದು ಬಂದಾಗ ಕೊಯ್ಲು ಮುಗಿದು ಬರೀ ಕೂಳೆ ಉಳಿದಿರಲಿ. ತೂಬು ತೆಗೆದು ಉಪ್ಪುನೀರು ಬಿಟ್ಟಿರಲಿ, ಸಿಗಡಿಗೆ ಬಲೆ ಕಟ್ಟಿರಲಿ. ಬೆಳಿಗ್ಗೆ ಮಾತಾಡಿಸಿದ್ದ ಹೆಂಗಸು ಚಿಪ್ಪಿ ಆರಿಸುತ್ತಾ ತಲೆ ಎತ್ತಿ, "ನೀವಾ? ಮಳೆಗಾಲದಲ್ಲೇ ಮುಳುಗಿದಿರಿ ಅಂದ್ಕೊಂಡಿದ್ವಿ" ಅನ್ನಲಿ. ಸಾಕು. ಲೆಕ್ಕ ಅವರೇ ಹಾಕಿಕೊಳ್ಳುತ್ತಾರೆ, ಆ ಖುಷಿ ಅವರದೇ ಆಗಲಿ.

ಸಂಖ್ಯೆ ದೊಡ್ಡದಾದರೆ ದುಃಖ ದೊಡ್ಡದಾಗುತ್ತದೆ ಅಂತ ನೀವು ನಂಬಿದ ಹಾಗಿದೆ. ನೂರು ವರ್ಷ, ಸಾವಿರ ವರ್ಷ ಅಂತ ಏರಿಸುತ್ತಾ ಹೋಗಿದ್ದೀರಿ. ಭಾಗವತದ ಕಕುದ್ಮಿ ರಾಜನನ್ನು ನೆನಪಿಸಿಕೊಳ್ಳಿ. ಮಗಳು ರೇವತಿಗೆ ಗಂಡು ಕೇಳಲು ಬ್ರಹ್ಮನ ಹತ್ತಿರ ಹೋಗುತ್ತಾನೆ. ಅಲ್ಲಿ ಹಾಡು ನಡೆಯುತ್ತಿರುತ್ತದೆ, ಮುಗಿಯಲಿ ಅಂತ ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿರುತ್ತದೆ. 27 ಅನ್ನುವುದು ಯಾರಿಗೂ ನಾಟುವುದಿಲ್ಲ. ಅವನು ಮನಸ್ಸಲ್ಲಿ ಇಟ್ಟುಕೊಂಡಿದ್ದ ವರಗಳು, ಅವರ ಮಕ್ಕಳು, ಮೊಮ್ಮಕ್ಕಳು ಯಾರೂ ಇಲ್ಲ ಅಂದಾಗ ಎದೆಗೆ ತಾಗುತ್ತದೆ. ನಿಮ್ಮ ನಾಲ್ವರಿಗೆ ಹೊರಗೆ ಕಾಯುವವರು ಯಾರು? ಒಬ್ಬರಿಗೂ ಮನೆ ಇಲ್ಲ, ಸಾಲ ಇಲ್ಲ, ಹಾಲು ಕುಡಿಯುವ ಮಗು ಇಲ್ಲ. ಅಂಥವರಿಗೆ ಆರು ತಿಂಗಳೂ ಒಂದೇ, ನೂರು ವರ್ಷವೂ ಒಂದೇ. ಆಟ ಶುರುವಾಗುವ ಮೊದಲೇ ಪ್ರತಿಯೊಬ್ಬ ಆಟಗಾರನಿಂದ ದಡದಲ್ಲಿ ಬಿಟ್ಟುಬಂದ ಒಬ್ಬರ ಹೆಸರು ಬರೆಸಿಕೊಳ್ಳಿ.

ಗುಂಪು ಒಡೆದಾಗ ಏನು ಮಾಡಬೇಕು ಅಂತ ನೀವು ಬರೆದಿಲ್ಲ. ಆಟದಲ್ಲಿ ಇದು ಖಂಡಿತ ಆಗುತ್ತದೆ. ಒಬ್ಬಳು ದೋಣಿ ಕಾಯುತ್ತೇನೆ ಅನ್ನುತ್ತಾಳೆ, ಮೂವರು ಒಳಗೆ ಹೋಗುತ್ತಾರೆ. ಅವಳು ಮೊಬೈಲ್ ನೋಡುತ್ತಾ ಕೂರಬೇಕಾ? ನನ್ನನ್ನು ಕೇಳಿದರೆ ನಿಮ್ಮ ಆಟದ ಅತ್ಯುತ್ತಮ ಜಾಗ ಇದೇ. ಒಳಗಿನವರು ಒಂದು ಗಂಟೆ ಕಳೆದಾಗಲೆಲ್ಲ ಅವಳು ಹೊರಗಿನ ಒಂದು ತಿಂಗಳು ಹೇಗೆ ಕಳೆದಳು ಅಂತ ಎರಡು ಮಾತಲ್ಲಿ ಹೇಳಲಿ. ಮೊದಲ ತಿಂಗಳು ಕಾದಳು. ಎರಡನೆಯದರಲ್ಲಿ ದೋಣಿ ಬಾಡಿಗೆಗೆ ಬಿಟ್ಟಳು. ಐದನೆಯದರಲ್ಲಿ ಮದುವೆಯಾದಳು. ಒಳಗಿನವರು ಇದನ್ನೆಲ್ಲ ಕೇಳುತ್ತಾ ಕೂತಿರುತ್ತಾರೆ, ಆದರೆ ಅವರ ಪಾತ್ರಗಳಿಗೆ ಒಂದೂ ಗೊತ್ತಿರುವುದಿಲ್ಲ. ಇದಕ್ಕೆ ಒಂದು ಪೂರ್ತಿ ಅಧ್ಯಾಯ ಕೊಡಿ.

ಕಾಲದ ಲೆಕ್ಕ ಬರೆದಿಡಲು ಒಂದು ಹಾಳೆಯನ್ನೂ ಸೇರಿಸಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕಟ್ಟಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಆ ಆಟದ 1979ರ ಮಾರ್ಗದರ್ಶಿಯಲ್ಲೇ, ಕಾಲದ ಲೆಕ್ಕ ಕಟ್ಟುನಿಟ್ಟಾಗಿ ಇಡದಿದ್ದರೆ ದೀರ್ಘ ಆಟಕ್ಕೆ ಅರ್ಥವಿರುವುದಿಲ್ಲ ಅಂತ ದೊಡ್ಡಕ್ಷರದಲ್ಲಿ ಬರೆದಿದ್ದರು. ಸಾಮಾನ್ಯ ಆಟಕ್ಕೇ ಆ ಮಾತು, ನಿಮ್ಮದಕ್ಕಂತೂ ಕೇಳಲೇಬೇಡಿ.

ಉತ್ತರದ ಗುಹೆಯಲ್ಲಿ ಕಾಲ ವೇಗವಾಗಿ ಓಡುತ್ತದೆ, ಅಲ್ಲಿ ಹತ್ತು ದಿನ ಇದ್ದರೂ ಹೊರಗೆ ಒಂದೇ ದಿನ ಅಂತ ಇಟ್ಟಿದ್ದೀರಲ್ಲ, ಅದು ತೂತು. ಮೊದಲ ದಿನವೇ ಆಟಗಾರರು ಗಾಯ ಮಾಗಿಸಿಕೊಳ್ಳಲು ಅಲ್ಲಿಗೆ ಓಡುತ್ತಾರೆ. ಒಳಗೆ ಗಾಯ ಮಾಗುವುದಿಲ್ಲ, ಹಸಿವು ಮಾತ್ರ ಏರುತ್ತದೆ ಅಂತ ಮಾಡಿ. ಇಲ್ಲವೇ ಆ ಗುಹೆ ತೆಗೆದುಬಿಡಿ.

ಯಾಣದ ಬಂಡೆಗಳನ್ನು ಎತ್ತಿ ತಂದು ಕುರ್ವೆಯ ನಡುವೆ ನಿಲ್ಲಿಸಿದ್ದು ನನಗೆ ಒಗ್ಗಲಿಲ್ಲ. ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡ, ಕೆಸರು, ಏಡಿಯ ಬಿಲ, ಉಪ್ಪಿನ ವಾಸನೆ ಇವುಗಳಿಂದಲೇ ಹೆದರಿಸಿ.

ತದಡಿಯಲ್ಲಿ ಒಂದು ಹಗಲು ಕೂತು, ನೀರು ಎಷ್ಟು ಹೊತ್ತಿಗೆ ಎಲ್ಲಿಗೆ ಬಂತು ಅಂತ ಬರೆದುಕೊಳ್ಳಿ. ಆಮೇಲೆ ಮೊದಲ 12 ಪುಟ ಮಾತ್ರ ಹೊಸದಾಗಿ ಬರೆದು ಕಳಿಸಿ, ಜೊತೆಗೆ ದೋಣಿ ಕಾಯುವವಳ ಅಧ್ಯಾಯ. ಉಳಿದದ್ದನ್ನು ಅದು ಬಂದ ಮೇಲೆ ನೋಡೋಣ.