ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಹ್ಯೂವನ್ ಕಣಿವೆಯಲ್ಲಿ ಐದು ಎಕರೆ ಮತ್ತು ಹಳೇ ಮರದ ಮನೆ: ಸೇಬು ಹಾಕೋದಾ, ಚೆರ್ರಿ ಹಾಕೋದಾ?

ಎರಡೂ ಬೇಡ. ಮೊದಲ ವರ್ಷವಂತೂ ಬೇಡವೇ ಬೇಡ. ಮನೇಲೇ ಕೂತು ಕಂಪ್ಯೂಟರ್ ಕೆಲಸ, ಪಕ್ಕದಲ್ಲಿ ತೋಟ, ಜನವರಿಯಲ್ಲಿ, ಅಂದ್ರೆ ಅಲ್ಲಿನ ಬೇಸಿಗೆಯಲ್ಲಿ, ನೋಡಿ ಮೆಚ್ಚಿ ಕೊಳ್ಳೋಕೆ ಹೊರಟ ಜಾಗ... ನಿಮ್ಮ ಪ್ರಶ್ನೆ ಓದ್ತಾ ಇದ್ರೆ ನಾನೇ ಬರೆದ ಹಾಗಿದೆ. ನಾನೂ ಸಸಿಗಳ ಪಟ್ಟಿ ಹಿಡ್ಕೊಂಡೇ ಹೋದವನು. ಮೊದಲ ಚಳಿಗಾಲದಲ್ಲಿ ಆ ಪಟ್ಟಿ ಯಾವ ಡ್ರಾಯರಿನಲ್ಲಿದೆ ಅಂತಲೂ ನೆನಪಿರಲಿಲ್ಲ. ನನ್ನನ್ನು ಸೋಲಿಸಿದ್ದು ಮನೆ ಬೆಚ್ಚಗಿಡೋ ಸೌದೆ.

ಜೂನ್‌ನಲ್ಲಿ ಅಲ್ಲಿ ಚಳಿಗಾಲ ಶುರುವಾದ ಮೇಲೆ ಸೌದೆ ಕೊಂಡೆ. ತಪ್ಪು ಇಷ್ಟೇ, ಆದರೆ ಇದರ ಒಳಗಿನ ಲೆಕ್ಕ ಗೊತ್ತಾಗದಿದ್ದರೆ ನೀವೂ ಅದನ್ನೇ ಮಾಡ್ತೀರಿ. ಆ ಕಡೆ ಸುಡೋದು ಹೆಚ್ಚಾಗಿ ನೀಲಗಿರಿ ಜಾತಿಯ ಗಟ್ಟಿ ಮರ: ಸ್ಟ್ರಿಂಗಿಬಾರ್ಕ್, ಪೆಪ್ಪರ್‌ಮಿಂಟ್ ಇಂಥವು. ಆಗಷ್ಟೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಟನ್ ಲೆಕ್ಕದಲ್ಲಿ ಕೊಂಡರೆ 500 ಕೆ.ಜಿ. ನೀರಿಗೆ ದುಡ್ಡು ಕೊಟ್ಟ ಹಾಗೆ. ನೀರಿನಂಶ 20 ಶೇಕಡಾಕ್ಕೆ ಇಳಿದ ಸೌದೆಯಾದರೆ ಅದೇ ಟನ್‌ನಲ್ಲಿ 800 ಕೆ.ಜಿ. ಮರ ಸಿಗುತ್ತೆ. ಒಂದು ಕೆ.ಜಿ. ನೀರನ್ನು ಬಿಸಿಮಾಡಿ ಆವಿಯಾಗಿಸೋಕೆ ಸುಮಾರು 2.6 ಮೆಗಾಜೂಲ್ ಶಾಖ ಬೇಕು. ಅರ್ಧ ಟನ್ ನೀರು ಅಂದ್ರೆ ಸುಮಾರು 70 ಕೆ.ಜಿ. ಒಣಮರದ ಶಾಖ ಬರೀ ಆವಿಗೇ ಖರ್ಚು.

ಅಷ್ಟೇ ಆಗಿದ್ದರೆ ಸಹಿಸ್ಕೋಬಹುದಿತ್ತು. ಹಸಿ ಸೌದೆಯಿಂದ ಒಲೆಯ (ಅಂದ್ರೆ ಸೌದೆ ಹೀಟರಿನ) ಒಳಗಿನ ಬಿಸಿ ಏರೋದೇ ಇಲ್ಲ. ಬಿಸಿ ಸಾಲದೆ ಹೋದರೆ ಮರದಿಂದ ಬರೋ ಅನಿಲ ಉರಿಯದೆ ಹೊಗೆಯಾಗಿ ಚಿಮಣಿ ಕೊಳವೆ ಏರುತ್ತೆ. ಹೊರಗೆ ಸೊನ್ನೆ ಡಿಗ್ರಿ ಇರೋವಾಗ ಕೊಳವೆಯ ಮೇಲ್ಭಾಗ ತಣ್ಣಗಿರುತ್ತೆ, ಹೊಗೆ ಅಲ್ಲಿ ಡಾಂಬರಿನ ಥರ ಅಂಟಿಕೊಳ್ಳುತ್ತೆ. ಇದೇ ಕ್ರಿಯೋಸೋಟ್. ಮುಂದೆ ಒಂದು ದಿನ ಒಣ ಸೌದೆ ಹಾಕಿ ಜೋರಾಗಿ ಉರಿಸಿದಾಗ ಅದಕ್ಕೇ ಬೆಂಕಿ ಹತ್ತುತ್ತೆ, ಕೊಳವೆಯ ಒಳಗೆ. ಮರದ ಮನೆ ಅನ್ನೋದು ಮರೀಬೇಡಿ. ಹೀಟರಿನ ಗಾಜು ದಿನಾ ಕಪ್ಪಾಗ್ತಿದ್ದರೆ, ಚಿಮಣಿಯಿಂದ ಬಿಳಿ ಹೊಗೆ ಎಡೆಬಿಡದೆ ಬರ್ತಿದ್ದರೆ, ಕೊಳವೆಯ ಒಳಗೂ ಇದೇ ನಡೀತಿದೆ ಅಂತ ತಿಳ್ಕೊಳ್ಳಿ.

ಮಾರೋವರೆಲ್ಲ ಒಣಗಿದೆ ಅಂತಲೇ ಹೇಳೋದು. ನಂಬಬೇಡಿ, ತೇವ ಅಳೆಯೋ ಮೀಟರ್ ಒಂದು ಇಟ್ಕೊಳ್ಳಿ. ತುಂಡಿನ ಹೊರಮೈಗೆ ಚುಚ್ಚಿದರೆ ಸುಳ್ಳು ಲೆಕ್ಕ ಬರುತ್ತೆ. ಕೊಡಲಿಯಿಂದ ಸೀಳಿ, ಆಗಷ್ಟೇ ತೆರೆದ ಒಳಮೈಗೆ ಚುಚ್ಚಬೇಕು. ಮೀಟರ್ ಇಲ್ಲವೇ, ಒಂದು ತುಂಡಿಗೆ ಗುರುತು ಹಾಕಿ ತಿಂಗಳಿಗೊಮ್ಮೆ ತೂಗಿ. ತೂಕ ಇಳಿಯೋದು ನಿಂತ ಮೇಲೆ ಅದು ಒಲೆಗೆ ತಯಾರು.

ಸೌದೆ ಕೊಳ್ಳೋ ಕಾಲ ಅಕ್ಟೋಬರ್, ನವೆಂಬರ್. ಸುಡೋದು ಮುಂದಿನ ಮೇ ತಿಂಗಳಿಂದ. ದಪ್ಪ ತುಂಡಾದರೆ ಅದರ ಮುಂದಿನ ಚಳಿಗಾಲಕ್ಕೆ. 30ರಿಂದ 35 ಸೆಂ.ಮೀ. ಉದ್ದ, 10ರಿಂದ 12 ಸೆಂ.ಮೀ. ದಪ್ಪಕ್ಕೆ ಸೀಳಿಸಿ. ಹಲಗೆಯ ಪ್ಯಾಲೆಟ್ ಮೇಲೆ ಒಂದೇ ಸಾಲಾಗಿ, ಗೋಡೆಗೆ ತಾಗದ ಹಾಗೆ ಜೋಡಿಸಿ. ಮೇಲೆ ತಗಡು ಇರಲಿ, ಪಕ್ಕಗಳು ತೆರೆದಿರಲಿ. ಪೂರ್ತಿ ಟಾರ್ಪಾಲಿನ್ ಸುತ್ತಿದರೆ ತೇವ ಒಳಗೇ ಉಳಿದು ಬೂಸ್ಟು ಹಿಡಿಯುತ್ತೆ. ಅಂಥ ಹಳೇ ಮನೆಗೆ ಒಂದು ಚಳಿಗಾಲಕ್ಕೆ ಐದಾರು ಟನ್ ಹಿಡೀಬಹುದು, ಕರೆಂಟಿನಿಂದ ಮನೆ ಬಿಸಿಮಾಡೋ ಹೀಟ್ ಪಂಪ್ ಜೊತೆಗಿದ್ದರೆ ಕಡಿಮೆ ಸಾಕು.

ಹಚ್ಚೋವಾಗ ಗಾಳಿಯ ಕಿಂಡಿ ಪೂರ್ತಿ ತೆಗೆದು 15ರಿಂದ 20 ನಿಮಿಷ ಚೆನ್ನಾಗಿ ಉರಿಯೋಕೆ ಬಿಡಿ. ಹೊಸ ತುಂಡು ಹಾಕಿದಾಗಲೆಲ್ಲ ಮತ್ತೆ ಸ್ವಲ್ಪ ಹೊತ್ತು ತೆಗೀರಿ. ರಾತ್ರಿ ಪೂರ್ತಿ ಬೆಂಕಿ ಉಳೀಲಿ ಅಂತ ಹೀಟರ್ ತುಂಬಾ ತುಂಬಿಸಿ ಕಿಂಡಿ ಮುಚ್ಚಿ ಮಲಗೋದು ಕ್ರಿಯೋಸೋಟಿಗೆ ಆಹ್ವಾನ. ಬೂದಿಯನ್ನು ಮುಚ್ಚಳವಿರೋ ತಗಡಿನ ಬಕೆಟ್ಟಿಗೇ ತೆಗೀಬೇಕು, ಕೆಂಡ ಒಳಗೊಳಗೇ ದಿನಗಟ್ಟಲೆ ಜೀವ ಹಿಡಿದಿರುತ್ತೆ. ಹಸಿರು ಛಾಯೆಯ ಬೇಲಿಕಂಬದ ಚೂರು ಬಿದ್ದಿದ್ದರೆ ಒಲೆಗೆ ಹಾಕಲೇಬೇಡಿ, ಅದರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಇಂಗಿಸಿರ್ತಾರೆ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಕೊಳವೆ ಉಜ್ಜಿಸಿ.

ಇನ್ನು ಮನೆ. ದಕ್ಷಿಣ ಗೋಳಾರ್ಧದಲ್ಲಿ ಸೂರ್ಯ ಉತ್ತರದ ಕಡೆಯಿಂದ ಹಾಯ್ತಾನೆ. ನಿಮ್ಮ ತಂದೆಯವರು ವಾಸ್ತು ನೋಡೋವರಾದರೆ ಮೊದಲೇ ಹೇಳಿಬಿಡಿ: ಅಲ್ಲಿ ದಕ್ಷಿಣಕ್ಕೆ ಇಳಿಯೋ ಗುಡ್ಡದ ಮನೆಗೆ ಚಳಿಗಾಲದ ಬಿಸಿಲು ಸರಿಯಾಗಿ ತಾಕೋದೇ ಇಲ್ಲ. ಜೂನ್ ಕೊನೆಗೆ ಸಂಜೆ ಐದಕ್ಕೆ ಮುಂಚೆಯೇ ಸೂರ್ಯ ಮುಳುಗ್ತಾನೆ, ಗುಡ್ಡದ ಮರೆಯಿದ್ದರೆ ಮೂರಕ್ಕೇ ಕತ್ತಲು ಕವಿದ ಹಾಗೆ. ಎಲ್ಲರೂ ಜನವರಿಯಲ್ಲಿ ನೋಡಿ ಜನವರಿಯಲ್ಲೇ ಮುಂಗಡ ಕೊಡ್ತಾರೆ. ನೀವು ಇನ್ನೂ ಸಹಿ ಹಾಕಿಲ್ಲವಾದರೆ ಜೂನ್‌ನಲ್ಲಿ ಒಮ್ಮೆ ಮಧ್ಯಾಹ್ನ ಮೂರು ಗಂಟೆಗೆ ಹೋಗಿ ಅಂಗಳದಲ್ಲಿ ನಿಂತು ನೋಡಿ. ಜೊತೆಗೆ ಸೂರಿನ ಒಳಗೆ, ನೆಲದಡಿ ಶಾಖ ತಡೆಯೋ ಪದರ (ಇನ್ಸುಲೇಷನ್) ಇದೆಯಾ ಅಂತ ತಲೆ ತೂರಿಸಿ ನೋಡಿ. ಅದಿಲ್ಲದ ಮನೆಗೆ ಎಷ್ಟು ಸೌದೆ ಹಾಕಿದರೂ ಸಾಲಲ್ಲ.

ನೀರಿನ ಲೆಕ್ಕ ಸುಲಭ. ಒಂದು ಚದರ ಮೀಟರ್ ಚಾವಣಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಊರಿನ ನಲ್ಲಿ ಇಲ್ಲದ ತೋಟದ ಮನೆಗಳಿಗೆ ಚಾವಣಿ ನೀರೇ ಗತಿ. ಹ್ಯೂವನ್‌ವಿಲ್ ಅನ್ನೋ ಕಣಿವೆಯ ಪಟ್ಟಣದ ಸುತ್ತ ವರ್ಷಕ್ಕೆ 750 ಮಿ.ಮೀ. ಆಸುಪಾಸು ಮಳೆ. 150 ಚದರ ಮೀಟರ್ ಚಾವಣಿಯಿಂದ, ಪೋಲು ಕಳೆದು, ಸುಮಾರು 95,000 ಲೀಟರ್ ಬರುತ್ತೆ. ಇಬ್ಬರು ದಿನಕ್ಕೆ 250 ಲೀಟರ್ ಬಳಸಿದರೆ ವರ್ಷಕ್ಕೆ 91,000. ಮನೆಗೆ ಸರಿಹೋಯಿತು, ತೋಟಕ್ಕೆ ಹೇಳಿಕೊಳ್ಳೋವಷ್ಟು ನೀರು ಉಳಿಯಲಿಲ್ಲ. ಸೇಬಿನ ಕನಸಿಗೆ ಇಲ್ಲೇ ಮೊದಲ ಪೆಟ್ಟು. 22,500 ಲೀಟರಿನ ಎರಡು ಟ್ಯಾಂಕ್ ಇಲ್ಲದಿದ್ದರೆ ಫೆಬ್ರವರಿಯಲ್ಲಿ ಟ್ಯಾಂಕರ್ ಕರೀಬೇಕಾಗುತ್ತೆ. ಮೊದಲ ಮಳೆಯ ಕೊಳೆನೀರು ಆಚೆ ಹೋಗೋ ಪೈಪ್ ವ್ಯವಸ್ಥೆ ಇರಲೇಬೇಕು, ಚಾವಣಿ ಮೇಲೆ ನಿಮ್ಮದೇ ಚಿಮಣಿಯ ಮಸಿ ಕೂತಿರುತ್ತೆ. ನೆಲದ ಮೇಲೆ ಕಾಣೋ ಪೈಪಿಗೆಲ್ಲ ಫೋಮ್ ಸುತ್ತಿ, ರಾತ್ರಿ ನೀರು ಗಡ್ಡೆಕಟ್ಟಿದರೆ ಕೀಲು ಬಿಚ್ಚಿಕೊಳ್ಳುತ್ತೆ.

ಸೆಪ್ಟಿಕ್ ಟ್ಯಾಂಕಿನ ಬಗ್ಗೆ ನಮ್ಮ ಅಡುಗೆಮನೆಗೆ ಒಂದೇ ಮಾತು: ಒಗ್ಗರಣೆ ಎಣ್ಣೆ, ಕರಿದ ಎಣ್ಣೆ ಸಿಂಕಿಗೆ ಹುಯ್ಯಬೇಡಿ. ಅದು ಮೇಲೆ ಕೆನೆಕಟ್ಟಿ, ಟ್ಯಾಂಕ್ ದಾಟಿ, ನೀರಿಂಗೋ ಕಾಲುವೆಯನ್ನೇ ಮುಚ್ಚಿಬಿಡುತ್ತೆ. ಬ್ಲೀಚ್ ಕೂಡ ಮಿತವಾಗಿರಲಿ. ಮೂರರಿಂದ ಐದು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು. ಹಿಂದಿನವರು ಯಾವಾಗ ಮಾಡಿಸಿದ್ದರು ಅಂತ ರಸೀದಿ ಕೇಳಿ.

ಬೆಳೆಗೆ ಬರ್ತೀನಿ. ಅದು ಸೇಬಿನ ಸೀಮೆಯೇ ಹೌದು. ಆದರೆ 1973ರಲ್ಲಿ ಬ್ರಿಟನ್ ಯುರೋಪಿನ ಆರ್ಥಿಕ ಸಮುದಾಯ ಸೇರಿ ಅಲ್ಲಿನ ಮಾರುಕಟ್ಟೆ ಕೈತಪ್ಪಿದಾಗ, ಸರ್ಕಾರವೇ ದುಡ್ಡು ಕೊಟ್ಟು ಮರ ಕೀಳಿಸಿದ ಸೀಮೆಯೂ ಹೌದು. ಅಜ್ಜನ ಕಾಲದಿಂದ ಬೆಳೆದವರೇ ಕಿತ್ತರು. ಈಗ ಉಳಿದಿರೋ ಸೇಬು, ಚೆರ್ರಿ ತೋಟಗಳು ದೊಡ್ಡ ಬಂಡವಾಳದವು. ಚೆರ್ರಿ ಹಣ್ಣಾಗೋ ಡಿಸೆಂಬರ್, ಜನವರಿಯಲ್ಲಿ ಮಳೆ ಬಂದರೆ ಹಣ್ಣು ಸೀಳುತ್ತೆ. ನೀರು ಕೊಡವೋಕೆ ತೋಟದ ಮೇಲೆ ಹೆಲಿಕಾಪ್ಟರ್ ಹಾರಿಸೋ ಬೆಳೆಗಾರರಿದ್ದಾರೆ. ಹಕ್ಕಿಗೆ ಬಲೆ, ಪುಟ್ಟ ಕಾಂಗರೂ ಥರದ ವಾಲಬಿಗೆ ಬೇಲಿ ಬೇರೆ. ಸೇಬಿಗೆ ಒದ್ದೆ ವಸಂತದಲ್ಲಿ ಎಲೆ-ಕಾಯಿಗೆ ಕಪ್ಪುಚುಕ್ಕೆ ರೋಗ, ಕಾಯೊಳಗೆ ಹುಳ. ಕಣಿವೆಯ ತಳದಲ್ಲಿ ತಣ್ಣನೆ ಗಾಳಿ ಮಡುಗಟ್ಟುತ್ತೆ. ಅಕ್ಟೋಬರ್‌ನಲ್ಲಿ ಹೂ ಬಿಟ್ಟಿರೋವಾಗ ಬೆಳಗಿನ ಜಾವ ಮೈನಸ್ 2 ಡಿಗ್ರಿ ಆದರೆ ಒಂದಷ್ಟು ಹೂವು ಅಲ್ಲಿಗೇ ಸತ್ತುಹೋಗುತ್ತೆ. ಐದು ಎಕರೆಯಿಂದ ಇದೆಲ್ಲದರ ಖರ್ಚು ಹುಟ್ಟಲ್ಲ.

ಹಾಗಾದರೆ ಹುಲ್ಲು ಏನು ಮಾಡೋದು? ಪಕ್ಕದ ರೈತರಿಗೆ ಕುರಿ ಮೇಯಿಸೋಕೆ ಬಿಡಿ. ಬೇಸಿಗೆಯ ಬೆಂಕಿಗೆ ಮುಂಚೆ ಹುಲ್ಲು ತಗ್ಗುತ್ತೆ, ನಿಮಗೆ ನೆರೆಯವರ ಪರಿಚಯವೂ ಆಗುತ್ತೆ. ಜಾಗಕ್ಕೆ ಪಿಐಸಿ ಅನ್ನೋ ಗುರುತಿನ ಸಂಖ್ಯೆ ಇರಬೇಕು, ಇರೋದು ಒಂದೇ ಕುರಿಯಾದರೂ ಸರಿ. ಯಾರದೇ ಗೇಟ್ ದಾಟಿದರೂ ಅದು ಹೇಗಿತ್ತೋ ಹಾಗೇ ಬಿಡಿ, ತೆರೆದಿದ್ದರೆ ತೆರೆದೇ. ಮುಚ್ಚಿ ಒಳ್ಳೇದು ಮಾಡಿದೆ ಅಂದ್ಕೊಂಡರೆ ಆಚೆಗಿನ ಹಿಂಡಿಗೆ ನೀರು ತಪ್ಪಿರುತ್ತೆ. ಊರಿನ ಸ್ವಯಂಸೇವಕ ಅಗ್ನಿಶಾಮಕ ದಳಕ್ಕೆ ಹೆಸರು ಕೊಡಿ. 2019ರ ಜನವರಿಯಲ್ಲಿ ಅದೇ ಕಣಿವೆಯ ಜೀವ್‌ಸ್ಟನ್ ಪಕ್ಕದ ಕಾಡಿಗೆ ಬೆಂಕಿ ಬಿದ್ದು ಊರೂರೇ ಖಾಲಿಯಾಗಬೇಕಾಗಿ ಬಂದಿತ್ತು, ಅಲ್ಲಿ ಅದು ಹಳೇ ಕಥೆಯಲ್ಲ.

ಕೈತೋಟ ಬೇಕಾದರೆ ಮಾಡಿ. ಟೊಮೇಟೊ ಸಸಿಯನ್ನು ಅಕ್ಟೋಬರ್ ಕೊನೆಯ ಹೋಬಾರ್ಟ್ ಶೋ (ರಾಜಧಾನಿಯ ಕೃಷಿ ಮೇಳ) ರಜೆಗೆ ಮುಂಚೆ ನೆಡಲ್ಲ ಆ ಕಡೆಯವರು, ನೀವೂ ನೆಡಬೇಡಿ. ಆಲೂಗಡ್ಡೆ, ಬಟಾಣಿ, ಕೋಸು, ಬೆಳ್ಳುಳ್ಳಿ, ಕೊತ್ತಂಬರಿ ಸೊಗಸಾಗಿ ಬರುತ್ತೆ. ಮೆಣಸಿನಕಾಯಿಗೆ ಪಾಲಿಹೌಸ್, ಕರಿಬೇವಿಗೆ ಮನೆಯೊಳಗಿನ ಉತ್ತರದ ಕಿಟಕಿ. ನುಗ್ಗೆ ಆಸೆ ಬಿಡಿ. ಬೆಂಗಳೂರಿಂದಾಗಲಿ ಮೆಲ್ಬರ್ನ್‌ನಿಂದಾಗಲಿ ಹಣ್ಣು, ಗಿಡ ಚೀಲದಲ್ಲಿ ಹಾಕ್ಕೊಂಡು ಹೋಗಬೇಡಿ, ವಿಮಾನ ನಿಲ್ದಾಣದಲ್ಲಿ ನಾಯಿ ಮೂಸುತ್ತೆ.

ಕೊನೆಗೊಂದು. ಜೋರು ಗಾಳಿಗೆ ಕೊಂಬೆ ಬಿದ್ದು ಕರೆಂಟ್ ಹೋದರೆ ಇಂಟರ್ನೆಟ್ ಹೋಯ್ತು ಅಂತ ನೀವು ಪರದಾಡ್ತೀರಿ, ಅಷ್ಟರಲ್ಲಿ ನೀರಿನ ಪಂಪೂ ನಿಂತಿರುತ್ತೆ. ಅಂದ್ರೆ ನಲ್ಲಿಯೂ ಇಲ್ಲ, ಫ್ಲಶ್ಶೂ ಇಲ್ಲ, ಹೀಟ್ ಪಂಪೂ ಇಲ್ಲ. ಇಪ್ಪತ್ತು ಲೀಟರಿನ ನಾಲ್ಕು ಕ್ಯಾನ್ ತುಂಬಿಸಿಡಿ. ಟ್ಯಾಂಕಿನ ಬುಡದಲ್ಲಿ ಪಂಪ್ ಇಲ್ಲದೆ ಬರೋ ಒಂದು ನಲ್ಲಿ ಹಾಕಿಸಿ, ಪ್ಲಂಬರಿಗೆ ಅದು ಅರ್ಧ ಗಂಟೆಯ ಕೆಲಸ.