ಅಪೆಂಡ್ ಆದಮೇಲೆ ಏನು? ಡಿಪೆಂಡೆಂಟ್ ಟೈಪ್ ಲೇಖನಕ್ಕೆ ಸಂಪಾದಕರ ಉತ್ತರ

ನಮಸ್ಕಾರ.

‘ದಿನಬಳಕೆಯ ಫಂಕ್ಷನಲ್ ಪ್ರೋಗ್ರಾಮಿಂಗ್‌ಗೆ ಡಿಪೆಂಡೆಂಟ್ ಟೈಪ್’ ಎಂಬ ನಿಮ್ಮ ಲೇಖನವನ್ನು (ಡಿಪೆಂಡೆಂಟ್ ಟೈಪ್ ಎಂದರೆ ಪಟ್ಟಿಯ ಉದ್ದದಂಥ ಮೌಲ್ಯವನ್ನೂ ಹೊರಬಲ್ಲ ಟೈಪ್) ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಕೈಬಿಡುತ್ತಲೂ ಇಲ್ಲ, ತಿದ್ದಿ ಕಳಿಸಿದರೆ ಮತ್ತೆ ಓದುತ್ತೇವೆ. ಎಲ್ಲಿ ಎಡವಿದ್ದೀರಿ ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇವೆ.

ಲೇಖನದ ಮೂರನೇ ಒಂದು ಭಾಗವನ್ನು ತರ್ಕಶಾಸ್ತ್ರಜ್ಞ ಮಾರ್ಟಿನ್-ಲೋಫ್ 1970ರ ದಶಕದಲ್ಲಿ ಕಟ್ಟಿದ ಟೈಪ್ ಥಿಯರಿಯ ಚರಿತ್ರೆಯೇ ನುಂಗಿದೆ. ಅದಕ್ಕೆ ಎರಡು ವಾಕ್ಯ ಸಾಕು. ಉಳಿದ ಜಾಗ ಕೋಡಿಗೆ ಬೇಕು.

ಕೋಡಿನ ವಿಷಯಕ್ಕೆ ಬರೋಣ. ಉದ್ದವನ್ನೇ ಟೈಪಿನಲ್ಲಿ ಹೊತ್ತ ಪಟ್ಟಿ, ಅಂದರೆ ಇಡ್ರಿಸ್ ಭಾಷೆಯ ವೆಕ್ಟ್, ಅದರ ಮೇಲೆ ಅಪೆಂಡ್ (ಎರಡು ಪಟ್ಟಿಗಳನ್ನು ಜೋಡಿಸುವ ಫಂಕ್ಷನ್) ಬರೆದು ‘ಕಂಪೈಲರ್ ತಾನೇ ಎಲ್ಲ ಅರ್ಥಮಾಡಿಕೊಂಡಿತು’ ಎಂದಿದ್ದೀರಿ. ಅದು ಅರ್ಥಮಾಡಿಕೊಂಡದ್ದಲ್ಲ. ಇಡ್ರಿಸ್‌ನಲ್ಲಿ ಸಂಕಲನವನ್ನು ಎಡಗಡೆಯ ಸಂಖ್ಯೆಯನ್ನು ಒಂದೊಂದಾಗಿ ಬಿಡಿಸುತ್ತಾ ವ್ಯಾಖ್ಯಾನಿಸಲಾಗಿದೆ. ಅಪೆಂಡ್ ಕೂಡ ಎಡಗಡೆಯ ಪಟ್ಟಿಯನ್ನೇ ಬಿಡಿಸುತ್ತದೆ. ಎರಡೂ ಒಂದೇ ಹಾದಿಯಲ್ಲಿ ನಡೆಯುವುದರಿಂದ ಲೆಕ್ಕ ತಾನಾಗಿ ಹೊಂದುತ್ತದೆ. ಎಡಪಟ್ಟಿಯ ಉದ್ದ ಎನ್, ಬಲಪಟ್ಟಿಯದು ಎಂ ಆಗಿರಲಿ; ಉತ್ತರದ ಉದ್ದವನ್ನು ‘ಎನ್ + ಎಂ’ ಬದಲು ‘ಎಂ + ಎನ್’ ಎಂದು ಬರೆದು ನೋಡಿ, ಅದೇ ಕೋಡ್ ಕಂಪೈಲ್ ಆಗುವುದಿಲ್ಲ. ಈ ಪ್ರಯೋಗವನ್ನು ಲೇಖನದಲ್ಲೇ ಮಾಡಿ ತೋರಿಸಿ.

ನಿಜವಾದ ತಕರಾರು ಪಟ್ಟಿಯನ್ನು ಹಿಂದುಮುಂದಾಗಿ ತಿರುಗಿಸುವ ರಿವರ್ಸ್‌ನಲ್ಲಿದೆ. ಸಂಚಯಕ್ಕೆ (ಈವರೆಗೆ ತಿರುಗಿಸಿದ ಅಂಶಗಳ ಪಟ್ಟಿಗೆ) ಎನ್, ಉಳಿದ ಪಟ್ಟಿಗೆ ಎಂ, ಉತ್ತರಕ್ಕೆ ಎನ್ + ಎಂ ಎಂದು ಸಹಾಯಕ ಫಂಕ್ಷನ್ನಿಗೆ ಟೈಪ್ ಕೊಟ್ಟಿದ್ದೀರಿ. ಪಟ್ಟಿ ಖಾಲಿಯಾದಾಗ ಕಂಪೈಲರ್ ಕೇಳುವುದು ಎನ್ + 0, ಕೈಯಲ್ಲಿರುವುದು ಎನ್. ಒಂದು ಅಂಶ ಸಂಚಯಕ್ಕೆ ದಾಟಿದಾಗ ಅದು ಕೇಳುವುದು ಎನ್ + (1 + ಕೆ), ಇರುವುದು 1 + (ಎನ್ + ಕೆ). ಶಾಲೆಯ ಮಕ್ಕಳಿಗೂ ಇವು ಒಂದೇ. ಕಂಪೈಲರಿಗೆ ಅಲ್ಲ, ಏಕೆಂದರೆ ಬಿಡಿಸಬೇಕಾದ ಎಡಗಡೆಯ ಎನ್ ಇಲ್ಲಿ ಬರೀ ಹೆಸರು. ಇಲ್ಲಿ ನೀವು ಪುರಾವೆಯಿಲ್ಲದೆ ನಂಬು ಎನ್ನುವ ‘ಬಿಲೀವ್-ಮಿ’ ಹಾಕಿ ಕಂಪೈಲರಿನ ಬಾಯಿ ಮುಚ್ಚಿಸಿದ್ದೀರಿ, ಓದುಗನಿಗೆ ಹೇಳಿಯೂ ಇಲ್ಲ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ: ಸುಳ್ಳು ಸಮೀಕರಣವನ್ನೂ ಅದು ಹಾಗೆಯೇ ದಾಟಿಸಿಬಿಡುತ್ತದೆ.

ಮಾಡಬೇಕಾದದ್ದು ಕಷ್ಟವಲ್ಲ. ಮೊದಲ ಸಂದರ್ಭಕ್ಕೆ ‘ಪ್ಲಸ್-ಝೀರೊ-ರೈಟ್-ನ್ಯೂಟ್ರಲ್’ (ಎನ್ + 0 = ಎನ್) ಪ್ರಮೇಯ, ಎರಡನೆಯದಕ್ಕೆ ‘ಪ್ಲಸ್-ಸಕ್-ರೈಟ್-ಸಕ್’ (1 + (ಎನ್ + ಕೆ) = ಎನ್ + (1 + ಕೆ)). ಎರಡೂ ಲೈಬ್ರರಿಯಲ್ಲೇ ಇವೆ. ‘ರಿರೈಟ್’ ಸಮೀಕರಣದ ಎಡಭಾಗವನ್ನು ಗುರಿಯಲ್ಲಿ ಹುಡುಕಿ ಬಲಭಾಗವನ್ನು ಇಡುತ್ತದೆ. ಹಾಗಾಗಿ ಎರಡನೆಯದನ್ನು ‘ಸಿಮ್’ ಹಾಕಿ ತಿರುಗಿಸಿ ಕೊಡಬೇಕು. ಹೊಸಬರು ಅರ್ಧ ದಿನ ಕಳೆಯುವುದು ಈ ದಿಕ್ಕಿನ ಗೊಂದಲದಲ್ಲೇ. ಉತ್ತರವನ್ನು ಎಂ + ಎನ್ ಎಂದು ಬರೆದರೆ ಸಹಾಯಕ ಫಂಕ್ಷನ್ನಿನೊಳಗೆ ‘ಸಿಮ್’ ಬೇಡ, ಸೊನ್ನೆಯ ಪ್ರಮೇಯವೂ ಬೇಡ. ಆದರೆ ಆ ಪ್ರಮೇಯ ಮಾಯವಾಗಿರುವುದಿಲ್ಲ, ಖಾಲಿ ಸಂಚಯ ಕೊಟ್ಟು ಕರೆಯುವ ಹೊರಗಿನ ಫಂಕ್ಷನ್ನಿಗೆ ಜರುಗಿರುತ್ತದೆ. ಈ ಜರುಗಾಟವನ್ನು ತೋರಿಸಿದರೆ ನಿಮ್ಮ ಲೇಖನ ಉಳಿದ ಪರಿಚಯ ಲೇಖನಗಳಿಗಿಂತ ಮೇಲಾಗುತ್ತದೆ.

ಇದೇ ಜಾಗದಲ್ಲಿ ಡಿಪೆಂಡೆಂಟ್ ಎಂಎಲ್ ಎಂಬ ಭಾಷೆ ಬರಬೇಕಿತ್ತು. ನೀವು ಹೆಸರೂ ಎತ್ತಿಲ್ಲ. ಹಾಂಗ್ವೆ ಶಿ ಮತ್ತು ಫ್ರಾಂಕ್ ಫೆನಿಂಗ್ 1990ರ ದಶಕದ ಕೊನೆಯಲ್ಲಿ ಬೇರೊಂದು ದಾರಿ ಹಿಡಿದರು: ಟೈಪಿನೊಳಗೆ ಯಾವ ಪ್ರೋಗ್ರಾಮ್ ಬೇಕಾದರೂ ಬರಬಹುದು ಎನ್ನದೆ, ಪೂರ್ಣಾಂಕಗಳು ಮತ್ತು ಅವುಗಳ ಲೀನಿಯರ್ ಅಸಮಾನತೆಗಳಿಗೆ ಸೀಮಿತಗೊಳಿಸಿದರು. ಆ ಷರತ್ತುಗಳನ್ನು ಫೂರಿಯೆ-ಮೋಟ್ಸ್‌ಕಿನ್ ವಿಧಾನದ ಒಂದು ರೂಪದಿಂದ ಯಂತ್ರವೇ ಬಗೆಹರಿಸುತ್ತದೆ. ಮೇಲಿನ ರಿವರ್ಸ್‌ಗೆ ಅಲ್ಲಿ ಪ್ರಮೇಯ ಬರೆಯುವ ಕೆಲಸವೇ ಇಲ್ಲ. ಬೈನರಿ ಸರ್ಚ್‌ನಂಥ ಕಡೆ ಅರೇ ಮಿತಿಯ ರನ್‌ಟೈಮ್ (ಪ್ರೋಗ್ರಾಮ್ ಓಡುವಾಗಿನ) ಪರೀಕ್ಷೆಯನ್ನೂ ತೆಗೆಯಬಹುದು. ಬೆಲೆಯೂ ಉಂಟು: ಅಡ್ಡಸಾಲು ಗುಣಿಸು ಕಂಬಸಾಲು ಎಂದು ಮ್ಯಾಟ್ರಿಕ್ಸ್‌ನ ಅಂಶಗಳ ಸಂಖ್ಯೆ ಹೇಳಹೊರಟರೆ ಎರಡು ಚರಗಳ ಗುಣಾಕಾರ ಬಂದು ಲೀನಿಯರ್ ಗಡಿ ದಾಟುತ್ತದೆ. ಇಂದು ಲಿಕ್ವಿಡ್ ಹ್ಯಾಸ್ಕೆಲ್ ಝಡ್3ಯಂಥ ಎಸ್‌ಎಂಟಿ ಸಾಲ್ವರಿಗೆ (ತಾರ್ಕಿಕ ಷರತ್ತುಗಳನ್ನು ತಾನೇ ಬಗೆಹರಿಸುವ ತಂತ್ರಾಂಶಕ್ಕೆ) ಕೆಲಸ ಒಪ್ಪಿಸುವುದು ಇದೇ ಜಾಡಿನಲ್ಲಿ. ಪುರಾವೆ ಯಾರು ಕೊಡಬೇಕು, ಬರೆಯುವವರೋ ಸಾಲ್ವರೋ? ನಿಮ್ಮ ಲೇಖನದ ಬೆನ್ನೆಲುಬು ಈ ಪ್ರಶ್ನೆಯಾಗಲಿ.

ನಿಮ್ಮ ಉದಾಹರಣೆಗಳೆಲ್ಲ ಕೋಡಿನಲ್ಲೇ ಬರೆದಿಟ್ಟ ಪಟ್ಟಿಗಳು. ಕಡತದಿಂದ ಓದಿದ ಪಟ್ಟಿಯ ಉದ್ದ ಕಂಪೈಲ್ ಹೊತ್ತಿಗೆ ಯಾರಿಗೆ ಗೊತ್ತು? ಆಗ ಉದ್ದ ಮತ್ತು ಆ ಉದ್ದದ ವೆಕ್ಟ್, ಎರಡನ್ನೂ ಡಿಪೆಂಡೆಂಟ್ ಜೋಡಿಯಾಗಿ ಹಿಂದಿರುಗಿಸಬೇಕು. ಎರಡು ಕಡತ ಓದಿ ಜಿಪ್ ಮಾಡುವ, ಅಂದರೆ ಒಂದೇ ಉದ್ದದ ಎರಡು ಪಟ್ಟಿಗಳ ಅಂಶಗಳನ್ನು ಜೋಡಿಜೋಡಿಯಾಗಿಸುವ, ಉದಾಹರಣೆ ಕೊಡಿ. ಎಲ್ಲರೂ ಮೊದಲು ಬರೆಯುವುದು ‘ಇಫ್ ಎನ್ == ಎಂ’, ಅದು ಟೈಪ್‌ಚೆಕ್ ಆಗುವುದಿಲ್ಲ. ‘==’ ಕೊಡುವುದು ಬರೀ ಟ್ರೂ ಅಥವಾ ಫಾಲ್ಸ್; ಉದ್ದಗಳು ಸಮ ಎಂಬ ಪುರಾವೆ ಅದರಲ್ಲಿಲ್ಲ. ಸಮವೋ ಅಲ್ಲವೋ ಎಂಬುದನ್ನು ಪುರಾವೆಯ ಸಮೇತ ಹೇಳುವ ‘ಡೆಕ್-ಈಕ್ಯು’ ಬಳಸಿ ‘ಯೆಸ್ ರೆಫ್ಲ್’ ಕವಲಿನಲ್ಲಿ ಜಿಪ್ ಮಾಡಬೇಕು, ‘ನೋ’ ಕವಲಿನಲ್ಲಿ ಬಳಕೆದಾರನಿಗೆ ದೋಷ ತಿಳಿಸಬೇಕು. ಅಲ್ಲಿಗೆ ನಿಮ್ಮ ‘ರನ್‌ಟೈಮ್ ಪರೀಕ್ಷೆಯೇ ಬೇಡ’ ಎಂಬ ಉಪಶೀರ್ಷಿಕೆ ಬಿದ್ದುಹೋಯಿತು. ಪರೀಕ್ಷೆ ಬೇಕು, ಹೊಸ್ತಿಲಲ್ಲಿ ಒಮ್ಮೆ ಮಾಡಿದರೆ ಒಳಗೆ ಮತ್ತೆ ಮಾಡಬೇಕಿಲ್ಲ, ಅಷ್ಟೇ. ಬೇಕಾದ ಅಂಶಗಳನ್ನಷ್ಟೇ ಉಳಿಸುವ ಫಿಲ್ಟರ್‌ಗೂ ಇದೇ ಜೋಡಿ ಸಾಕಾಗುತ್ತದೆ, ಆದರೆ ಹೊಸ ಉದ್ದ ಹಳೆಯದನ್ನು ಮೀರದು ಎಂಬ ಸಂಗತಿ ಕಳೆದುಹೋಗುತ್ತದೆ. ಬೇಕಿದ್ದರೆ ಅದರ ಪುರಾವೆಯನ್ನೂ ಜೊತೆಗಿಡಬೇಕು.

ಇನ್ನು ನಿಮ್ಮ ‘ಉದ್ದ’ ಫಂಕ್ಷನ್. ಟೈಪಿನಿಂದ ಎನ್ ಎತ್ತಿ ಹಾಗೇ ಹಿಂದಿರುಗಿಸುವ ಈ ಕೋಡ್ ಇಡ್ರಿಸ್ 1ರ ಕಾಲದ್ದು. ಇಡ್ರಿಸ್ 2ರಲ್ಲಿ ಹೀಗೆ ಘೋಷಿಸದೆ ಬಂದ ಎನ್‌ನ ಪ್ರಮಾಣ (ರನ್‌ಟೈಮಿನಲ್ಲಿ ಎಷ್ಟು ಬಾರಿ ಬಳಸಬಹುದೆಂಬ ಎಣಿಕೆ) 0. ಅಂದರೆ ರನ್‌ಟೈಮಿನಲ್ಲಿ ಅದು ಇರುವುದೇ ಇಲ್ಲ, ಬಳಸಹೋದರೆ ದೋಷ ಬರುತ್ತದೆ. ಟೈಪಿನಲ್ಲಿ ಎನ್ ಅನ್ನು ಪುಷ್ಪಾವರಣದೊಳಗೆ ನ್ಯಾಟ್ (ಸ್ವಾಭಾವಿಕ ಸಂಖ್ಯೆ) ಎಂದು ಘೋಷಿಸಿ, ಅಥವಾ ಪಟ್ಟಿಯನ್ನೇ ಎಣಿಸಿ.

‘ಬಗ್ ಇರದು’ ಎಂಬ ಮಾತನ್ನು ತೆಗೆದುಹಾಕಿ. ರಿವರ್ಸ್‌ನ ಟೈಪ್ ಹೇಳುವುದು ಉದ್ದ ಒಂದೇ ಎಂದು ಮಾತ್ರ. ಪಟ್ಟಿಯನ್ನು ತಿರುಗಿಸದೆ ಹಾಗೇ ಕೊಟ್ಟರೂ ಅದು ಒಪ್ಪುತ್ತದೆ. ‘ಟೈಪ್‌ಚೆಕಿಂಗ್ ಮುಗಿಯುತ್ತದೆಂಬ ಖಾತ್ರಿ ಯಾವ ಭಾಷೆಯಲ್ಲೂ ಇಲ್ಲ’ ಎಂಬುದೂ ತಪ್ಪು. ಟೈಪಿನಲ್ಲಿ ಮಿತಿಯಿಲ್ಲದ ರಿಕರ್ಷನ್ ಬಿಟ್ಟ ಅಗಸ್ಟ್‌ಸನ್ ಅವರ ಕಯೆನ್ ಭಾಷೆಗೆ (1998) ಅದು ಸಲ್ಲುತ್ತದೆ. ಫಂಕ್ಷನ್‌ಗಳು ಕೊನೆಗೊಳ್ಳುತ್ತವೆಯೇ ಎಂದು ಪರೀಕ್ಷಿಸುವ ಆಗ್ಡಾಗೆ ಸಲ್ಲುವುದಿಲ್ಲ.

ತಿದ್ದಿದ ಪ್ರತಿಯ ಜೊತೆ ಕೋಡ್ ಕಡತವನ್ನು ಬೇರೆಯಾಗಿ ಕಳಿಸಿ. ಇಂಪೋರ್ಟ್ ಸಾಲುಗಳು ಮುಗಿದ ಕೂಡಲೇ ‘ಡಿಫಾಲ್ಟ್ ಟೋಟಲ್’ (ಎಲ್ಲ ಫಂಕ್ಷನ್‌ಗಳೂ ಎಲ್ಲ ಸಂದರ್ಭಗಳನ್ನು ಒಳಗೊಂಡು ಕೊನೆಗೊಳ್ಳಲಿ ಎಂಬ) ನಿರ್ದೇಶನವಿರಲಿ, ಕಂಪೈಲರಿನ ಆವೃತ್ತಿಯನ್ನು ಟಿಪ್ಪಣಿಯಲ್ಲಿ ಬರೆಯಿರಿ. ದೋಷ ಸಂದೇಶಗಳನ್ನು ಚಿತ್ರವಾಗಿ ಬೇಡ, ಪಠ್ಯವಾಗಿಯೇ ಅಂಟಿಸಿ.