ನನ್ನ ಕಥೆಯ ಕಂಡಕ್ಟರ್ ಯಾವ ಭಾಷೆ ಮಾತಾಡಬೇಕು?

ಕೇರಳದಲ್ಲಿದ್ದುಕೊಂಡು ಕನ್ನಡದಲ್ಲಿ ಯಾಕೆ ಬರೀತೀರಿ ಅಂತ ಕೆಲವರು ಕೇಳ್ತಾರೆ. ಬರೆಯಲು ಕಲಿತದ್ದೇ ಅದರಲ್ಲಿ, ಅಷ್ಟೇ. ಕಾಸರಗೋಡು 1956ರ ನವೆಂಬರ್ 1ಕ್ಕೆ ಕೇರಳದ ಪಾಲಾಯಿತು. ಕನ್ನಡ ಶಾಲೆಗಳು ಉಳಿದುಕೊಂಡವು. ಪಾಠಪುಸ್ತಕ ಕೇರಳ ಸರ್ಕಾರದ್ದು, ಒಳಗಿನ ಅಕ್ಷರ ಕನ್ನಡದ್ದು. ನಾನು ಓದಿದ್ದು ಅದನ್ನೇ. ಕವಿಗಳಾದ ಮಂಜೇಶ್ವರದ ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈ ನಮಗೆ ಪಕ್ಕದೂರಿನ ಅಜ್ಜಂದಿರ ಹಾಗೆ. ಹಾಗಾಗಿ ನಮ್ಮಂಥವರೂ ಬರೆಯಬಹುದು ಅನ್ನೋದರಲ್ಲಿ ಅನುಮಾನವೇ ಇರಲಿಲ್ಲ.

ಕಷ್ಟ ಇರೋದು ಬೇರೆ ಕಡೆ. ನಾನು ಬರೆಯುವ ಕನ್ನಡವನ್ನು ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಅಮ್ಮನ ಜೊತೆ ತುಳು. ಅಂಗಡಿ, ಬಸ್ಸು, ಆಸ್ಪತ್ರೆಯಲ್ಲಿ ಜಾಸ್ತಿ ಮಲಯಾಳ. ನನ್ನ ಕಿವಿಗೆ ಕನ್ನಡ ಬಿದ್ದದ್ದು ಶಾಲೆಯಿಂದ, ಮತ್ತೆ ಯಕ್ಷಗಾನದಿಂದ. ರಾವಣನ ಕನ್ನಡ ನನಗೆ ಚೆನ್ನಾಗಿ ಬರುತ್ತದೆ. ತರಕಾರಿ ಚೌಕಾಸಿ ಮಾಡುವವನ ಕನ್ನಡ ಬರುವುದಿಲ್ಲ.

ಒಂದು ಕಥೆ ಬರೆದೆ. ಮಂಗಳೂರಿನಿಂದ ಹೊರಟ ಬಸ್ಸು ಗಡಿಯ ತಲಪಾಡಿ ದಾಟಿ ಕುಂಬಳೆ ಕಡೆ ಬರ್ತಾ ಇದೆ. ಇಲ್ಲಿ ಕಂಡಕ್ಟರ್ ಮಲಯಾಳದಲ್ಲಿ ಕೂಗೋದು 'ಆಳ್ ಇರಙ್ಙಾನುಂಡ್' ಅಂತ. 'ಇಳಿಯುವವರಿದ್ದಾರೆ' ಅಂತ ಬರೆದರೆ ಪಾಠಪುಸ್ತಕ. 'ಯಾರ್ರೀ ಇಳಿಯೋರು' ಅಂದರೆ ಬಸ್ಸು ಮಂಡ್ಯಕ್ಕೆ ಹೋಯಿತು. 'ಜನ ಇಳೀಲಿಕ್ಕುಂಟು' ಅಂತ ನಮ್ಮೂರಿನ ಕನ್ನಡದಲ್ಲಿ ಬರೆದೆ. ಬೆಂಗಳೂರಿನ ಒಂದು ಪತ್ರಿಕೆಗೆ ಕಳಿಸಿದ್ದೆ, 'ಭಾಷೆ ಸ್ವಲ್ಪ ತಿದ್ದಿ' ಅಂತ ವಾಪಸ್ ಬಂತು. ಎರಡು ದಿನ ಸಿಟ್ಟಿನಲ್ಲಿದ್ದೆ, ಸುಳ್ಳು ಯಾಕೆ ಹೇಳಲಿ.

ನನ್ನ ಕಥೆ ಮೊದಲು ಓದುವವಳು ಅಮ್ಮ. ಓದುವವಳು ಅಂದರೆ ಕೇಳುವವಳು. ಅವಳು ಜಗಲಿಯಲ್ಲಿ ಕಾಲು ಚಾಚಿ, ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಬೀಡಿ ಕಟ್ಟುತ್ತಾಳೆ. ನಾನು ಎದುರು ಕೂತು ಓದುತ್ತೇನೆ. ಎಲೆಗೆ ಹೊಗೆಸೊಪ್ಪು ಹಾಕಿ, ಸುರುಳಿ ಮಾಡಿ, ತುದಿ ಮಡಚಿ ನೂಲು ಸುತ್ತುವ ಬೆರಳು ಓಡ್ತಾ ಇರುತ್ತದೆ. ಬೆರಳು ನಿಂತರೆ ಎಲ್ಲೋ ತಪ್ಪಿದೆ ಅಂತ ಅರ್ಥ. 'ಇಂಚ ಏರ್ ಪಾತೆರುವೆರ್ ಮಾರಾಯಾ?' ಅಂತಾಳೆ, ಹೀಗೆ ಯಾರು ಮಾತಾಡ್ತಾರೆ ಅಂತ. ಆಮೇಲೆ ಬೆರಳು ಮತ್ತೆ ಓಡುತ್ತದೆ. ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಡಬೇಕಲ್ವಾ, ವಿಮರ್ಶೆಗೆ ಅಷ್ಟೇ ಹೊತ್ತು.

ಕೇರಳದಿಂದ ಸಿಕ್ಕಿದ್ದನ್ನೂ ಹೇಳಬೇಕು. ಇಲ್ಲಿ ಹಳ್ಳಿಹಳ್ಳಿಗೂ ವಾಯನಶಾಲೆ, ಅಂದರೆ ಗ್ರಂಥಾಲಯ, ಇದೆ. ಪಿ.ಎನ್. ಪಣಿಕ್ಕರ್ 1945ರಲ್ಲಿ 47 ಗ್ರಂಥಾಲಯಗಳನ್ನು ಸೇರಿಸಿ ತಿರುವಾಂಕೂರಿನಲ್ಲಿ ಸಂಘ ಕಟ್ಟಿದವರು. ಅವರು ತೀರಿಕೊಂಡ ಜೂನ್ 19ನ್ನು ಶಾಲೆಗಳಲ್ಲಿ ಓದುವ ದಿನ ಅಂತ ಮಾಡುತ್ತಾರೆ. ನಮ್ಮೂರಿನ ವಾಯನಶಾಲೆಯಲ್ಲಿ ಕನ್ನಡಕ್ಕೆ ಒಂದೇ ಕಪಾಟು. ಅದು ಮುಗಿದ ಮೇಲೆ ಬೇರೆ ದಾರಿಯಿಲ್ಲದೆ ಮಲಯಾಳ ಓದಲು ಕಲಿತೆ. ಅಲ್ಲಿನ ಕಥೆಗಳಲ್ಲಿ ಮೀನು ಮಾರುವವನು ಮೀನು ಮಾರುವವನ ಹಾಗೇ ಮಾತಾಡ್ತಾನೆ. ಹೊಟ್ಟೆಕಿಚ್ಚಾಯಿತು.

ಈಗ ಕಥೆಯನ್ನು ಮತ್ತೆ ಬರೆದಿದ್ದೇನೆ. ಕಂಡಕ್ಟರ್ ಬಾಯಿಯೇ ಬಿಡುವುದಿಲ್ಲ. ಹಗ್ಗ ಎಳೆದು ಬೆಲ್ ಕೊಡುತ್ತಾನೆ. ಅಮ್ಮನ ಬೆರಳು ಅಲ್ಲೂ ನಿಂತಿತು. ಎಷ್ಟು ಬೆಲ್, ಒಂದಾ ಎರಡಾ ಅಂತ ಕೇಳಿದಳು. ಒಂದಾದರೆ ನಿಲ್ಲಲಿಕ್ಕೆ, ಎರಡಾದರೆ ಹೊರಡಲಿಕ್ಕೆ. ನಾನು ಅದನ್ನು ಬರೆದೇ ಇರಲಿಲ್ಲ.